ಮಂಜುಹಟ್ಟಿಯಲ್ಲಿ ಒಂದು ಕೆಂಪು

ಕಠಾರಿ ಸಾಮ್ರಾಜ್ಯದ ಸಾವಿರದ ನೂರು ಯುದ್ಧನೌಕೆಗಳನ್ನು ನಾನು ಒಬ್ಬನೇ, ಆಯುಧವಿಲ್ಲದೆ, ಹತ್ತು ದಿನ ತಡೆದು ನಿಲ್ಲಿಸಿದೆ. ಅದೂ ಎಡಗೈಯಲ್ಲಿ. ಬಲಗೈಯಲ್ಲಿ ರೊಟ್ಟಿ ಇತ್ತು.

ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಆ ನೌಕೆಗಳು ಎಂಥವು ಎಂದು ಮೊದಲು ಕೇಳಿ. ಒಂದೊಂದೂ ಎಷ್ಟು ಉದ್ದವೆಂದರೆ, ಮೂತಿ ನಮ್ಮೂರಿನ ಹಡಗುಕಟ್ಟೆಗೆ ಬಂದು ತಾಗಿದ ಮೇಲೂ ಬಾಲದಲ್ಲಿದ್ದ ಸಿಪಾಯಿಗಳಿಗೆ ಹೊರಟ ಸುದ್ದಿ ಮುಟ್ಟಿರಲಿಲ್ಲ. ಅವುಗಳ ತೋಪಿನ ಬಾಯೊಳಗೆ ಒಂದು ಊರು ಕೂತು ವಾರದ ಸಂತೆ ಮಾಡಬಹುದಿತ್ತು. ಅವು ಬಂದದ್ದು ಕಂಡು ಶನಿಗ್ರಹ ಹೆದರಿ ಒಂದು ಬಳೆ ಕಳಚಿಟ್ಟಿತು ಎಂದು ಹಿಂದೊಮ್ಮೆ ಹೇಳಿದ್ದೆ. ಅದನ್ನು ಈಗ ವಾಪಸು ತೆಗೆದುಕೊಳ್ಳುತ್ತೇನೆ. ಸರಿ, ಕಣ್ಣಿಗೆ ಕಂಡದ್ದು ಮೂರೇ ನೌಕೆ. ಉಳಿದವು ಹಿಂದೆ ಬರುತ್ತಿವೆ ಎಂದು ಅವರ ದಳವಾಯಿ ಹೇಳಿದ, ನಾನು ನಂಬಿದೆ. ದೊಡ್ಡ ಮಾತು ನಂಬುವುದರಲ್ಲಿ ನಾನು ಯಾವತ್ತೂ ಜಿಪುಣತನ ಮಾಡಿದವನಲ್ಲ.

ನನ್ನ ಹೆಸರು ಆದೆಪ್ಪ. ಮಂಜುಹಟ್ಟಿಯ ಒಪ್ಪಿಗೆ ಹಲಗೆಯ ಆಪರೇಟರ್. ಊರು ಇರುವುದು ಶನಿಯ ಒಂದು ಹಿಮದ ಚಂದ್ರನ ಹೊಟ್ಟೆಯೊಳಗೆ. ರಾಯಚೂರು ಸೀಮೆಯ ಗಣಿಗಳಲ್ಲಿ ಕಲ್ಲು ಕೊರೆಯುತ್ತಿದ್ದವರ ಮರಿಮಕ್ಕಳ ಮರಿಮಕ್ಕಳು ನಾವು. ಅವರು ಬಂಗಾರಕ್ಕೆ ಕೊರೆದರು, ನಾವು ನೀರಿಗೆ ಕೊರೆಯುತ್ತೇವೆ. ಮಂಜನ್ನು ಕಡಿದು, ಕರಗಿಸಿ, ಕುಡಿದು, ಉಳಿದದ್ದನ್ನು ಒಡೆದು ಉಸಿರಾಡುತ್ತೇವೆ. ಗಾಜಿನ ಕೊಳವೆಗಳಲ್ಲಿ ಜೋಳ ಬೆಳೆಯುತ್ತೇವೆ. ನನ್ನ ಹೆಂಡತಿ ಹುಲಿಗೆಮ್ಮ ಮಂಜು ಕೊರೆಯುವ ಯಂತ್ರದ ಮಿಸ್ತ್ರಿ. ಇಡೀ ಊರಿನ ನೀರು ಅವಳ ಸ್ಪ್ಯಾನರಿನಿಂದ ಬರುತ್ತದೆ. ಊರಿನ ಗಾಳಿಯಲ್ಲಿ ಅರ್ಧದಷ್ಟು ನನ್ನ ಬಾಯಿಂದ ಬರುತ್ತದೆ ಎಂದು ಅವಳು ಹೇಳುವುದುಂಟು.

ನಮ್ಮಂಥ ಏಳು ಊರು ಸೇರಿ ಏಳೂರ ಒಕ್ಕೂಟ. ಸೈನ್ಯವಿಲ್ಲ, ದೊರೆಯಿಲ್ಲ. ಇರುವುದು ಒಂದೇ ಕಾನೂನು: ಎಲ್ಲರೂ ಒಪ್ಪದೆ ಯಾವುದೂ ಆಗುವಂತಿಲ್ಲ. ಬಾಯಲ್ಲಿ ಒಪ್ಪಿದರೆ ಸಾಲದು, ಮೈಯೂ ಒಪ್ಪಬೇಕು.

ಅದಕ್ಕೇ ಪಟ್ಟಿ. ಹದಿನಾರು ತುಂಬಿದ ಪ್ರತಿಯೊಬ್ಬರ ಎಡ ಮಣಿಕಟ್ಟಿಗೂ ಒಂದು. ಅದು ನಾಡಿ ನೋಡುತ್ತದೆ, ಬೆವರು ನೋಡುತ್ತದೆ, ಬೆರಳಿಗೆ ಹೋಗುವ ನರದ ಸಣ್ಣ ಸೆಳೆತ ನೋಡುತ್ತದೆ. ವರ್ಷಗಟ್ಟಲೆ ನಮ್ಮ ಜೊತೆಗೇ ಉಂಡು, ಮಲಗಿ, ಜಗಳವಾಡಿ ಒಬ್ಬೊಬ್ಬರ ಗುಟ್ಟನ್ನೂ ಕಲಿತಿರುತ್ತದೆ. ಹೆದರಿಕೆ ಬೇರೆ, ಮನಸ್ಸಿಲ್ಲದಿರುವುದು ಬೇರೆ ಎಂದು ಅದಕ್ಕೆ ಗೊತ್ತು. ಗಡಗಡ ನಡುಗುತ್ತಲೇ ಒಪ್ಪಿದವನಿಗೆ ಹಸಿರು. ನಗುನಗುತ್ತ ಹೂಂ ಎಂದು ಒಳಗೆ ಊಹೂಂ ಎಂದವನಿಗೆ ಕೆಂಪು. ದೀಪ ಸಾಸಿವೆ ಕಾಳಿನಷ್ಟು, ಅದೂ ಪಟ್ಟಿಯ ಒಳಮಗ್ಗುಲಲ್ಲಿ. ಸಭೆಮನೆಯ ಹಲಗೆಯ ಮೇಲೆ ಮೂಡುವುದು ಒಟ್ಟು ಎಷ್ಟು ಜನ, ಎಷ್ಟು ಕೆಂಪು ಎಂಬ ಎರಡೇ ಅಂಕಿ. ಯಾರ ಕೆಂಪು ಎಂದು ಹಲಗೆ ಹೇಳದು. ‘ಕೆಂಪು ನಿಂದೇನು?’ ಎಂದು ಕೇಳುವುದು ನಮ್ಮಲ್ಲಿ ಯಾರೋ ಸ್ನಾನ ಮಾಡುವಾಗ ಬಚ್ಚಲಿನ ಬಾಗಿಲು ತೆಗೆದಷ್ಟು ಅಸಹ್ಯ. ‘ನಂದು ಹಸಿರು’ ಎಂದು ತಾನಾಗಿ ಹೇಳಿಕೊಳ್ಳುವುದು, ಬಟ್ಟೆ ಬಿಚ್ಚಿ ಹೊರಗೆ ಬಂದಷ್ಟು.

ಇಂಥ ಊರಿಗೆ ದಳವಾಯಿ ಝಾರ್ಗು ಬಂದಿಳಿದ. ಪಾತ್ರೆ ಅಂಗಡಿ ಎದ್ದು ನಡೆದು ಬಂದ ಹಾಗಿತ್ತು. ಹತ್ತು ಅಡಿ ಎತ್ತರ — ಏಳು ಎಂದೇ ಇಟ್ಟುಕೊಳ್ಳಿ. ಎದೆಯ ಮೇಲೆ ಅನುವಾದದ ಡಬ್ಬಿ. ಅದಕ್ಕೆ ಕನ್ನಡ ಕಲಿಸಿದವರು ಯಾರೋ, ಪಠ್ಯಪುಸ್ತಕ ಬಿಟ್ಟು ಬೇರೇನೂ ಓದಿಸಿರಲಿಲ್ಲ.

“ಮಾನ್ಯರೇ,” ಎಂದಿತು ಡಬ್ಬಿ. “ಸಾಮ್ರಾಜ್ಯಕ್ಕೆ ಬಾಯಾರಿಕೆಯಾಗಿದೆ. ನಿಮ್ಮ ಮಂಜು ಬೇಕಾಗಿದೆ. ಹನ್ನೊಂದು ದಿನಗಳೊಳಗೆ ಉತ್ತರ ಕೊಡತಕ್ಕದ್ದು.”

ಕಠಾರಿಗಳಿಗೂ ಒಂದು ಪದ್ಧತಿ ಇದೆ. ಉತ್ತರ ಏನೇ ಇರಲಿ, ಯುದ್ಧವೋ ಸಂಧಿಯೋ, ಒಂದೇ ದನಿಯಲ್ಲಿ ಬಂದರೆ ಅವರು ಅದಕ್ಕೆ ತಲೆಬಾಗಿ ಕೂತು ಮಾತಾಡುತ್ತಾರೆ. ಒಂದೇ ದನಿಯ ಉತ್ತರ ಬಾರದಿದ್ದರೆ ಆ ಊರನ್ನು ಒಡೆಯನಿಲ್ಲದ ಹಿಂಡು ಎಂದು ತಿಳಿಯುತ್ತಾರೆ. ಹಿಂಡನ್ನು ಹಂಚಿಕೊಳ್ಳುತ್ತಾರೆ. ಹನ್ನೆರಡನೆಯ ದಿನ ನಮ್ಮ ಯಂತ್ರಗಳು ಅವರದು, ಪಟ್ಟಿ ಕಟ್ಟಿದ ನಾವು ನಾನೂರ ಹನ್ನೆರಡು ಮಂದಿ, ಮಕ್ಕಳ ಸಮೇತ, ಅವರ ನೂರು ಶಿಬಿರಗಳಿಗೆ ಹಂಚಿಕೆ. ಇನ್ನೊಂದು ಷರತ್ತು: ಉತ್ತರವನ್ನು ಹೊತ್ತು ತರುವ ಮನುಷ್ಯ ಹನ್ನೆರಡು ವರ್ಷ ಅವರ ರಾಜಧಾನಿಯಲ್ಲೇ ಉಳಿಯಬೇಕು. ‘ನುಡಿಯ ಅತಿಥಿ’ ಎಂದು ಕರೆಯುತ್ತಾರೆ. ಊರು ಮಾತು ತಪ್ಪಿದರೆ ಅತಿಥಿಯ ತಲೆ ಹೋಗುತ್ತದೆ, ಅಷ್ಟೆ. ಉಳಿದಂತೆ ಊಟ ವಸತಿ ಚೆನ್ನಾಗಿರುತ್ತದಂತೆ.

ಸಭೆ ಸೇರಿತು. ನಮ್ಮ ಸಭೆ ನಡೆಸುವವರು ಖಾಜಾಬಿ ಆಪಾ. ಎಪ್ಪತ್ತು ದಾಟಿದ ಹೆಂಗಸು. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ, ಮಾತು ಮೀರಿದ್ದನ್ನು ಯಾರೂ ಕಂಡಿಲ್ಲ. ಮೂರು ದಿನ ಮಾತಾಡಿ ಒಂದು ಉತ್ತರಕ್ಕೆ ಬಂದೆವು. ಅರ್ಧ ಮಂಜು ಕೊಡುತ್ತೇವೆ, ಅವರ ನೌಕೆಗಳು ತೋಪು ಕಳಚಿಟ್ಟೇ ನಮ್ಮ ಕಟ್ಟೆಗೆ ಬರಬೇಕು. ಉಳಿದ ಆರು ಊರುಗಳೂ ಇದಕ್ಕೆ ಪೂರಾ ಹಸಿರು ಕಳಿಸಿದವು.

“ಹೊತ್ಕೊಂಡು ಹೋಗೋರು ಯಾರು?” ಎಂದರು ಖಾಜಾಬಿ ಆಪಾ. “ಕಠಾರಿಗೋಳ ರೀತಿ ರಿವಾಜು ಗೊತ್ತಿದ್ದೋರು ಬೇಕು.”

ನಾನೂರು ತಲೆ ನನ್ನ ಕಡೆ ತಿರುಗಿದವು.

ಯಾಕೆ ತಿರುಗದೆ ಇದ್ದಾವು? ಹದಿನೈದು ವರ್ಷದಿಂದ ಊಟದ ಮನೆಯಲ್ಲಿ ನಾನು ಹೇಳುತ್ತ ಬಂದದ್ದೇ ಅದು. ಕಠಾರಿಗಳ ರಾಜಧಾನಿಯಲ್ಲಿ ಮೂರು ವರ್ಷ ಇದ್ದೆ. ಅವರ ಸೇನಾಪತಿಯ ಜೊತೆ ಪಂಜ ಕುಸ್ತಿ ಆಡಿ ಅವನ ಮೊಣಕೈ ಜಾರಿಸಿದೆ. ಚಕ್ರವರ್ತಿಯೇ ‘ಆದೆಪ್ಪ, ಇಲ್ಲೇ ಉಳಿದುಬಿಡು, ಅರ್ಧ ಸೈನ್ಯ ನಿನಗೆ’ ಎಂದ. ‘ಹೆಂಡತಿಯನ್ನು ಕೇಳಿ ಹೇಳುತ್ತೇನೆ’ ಎಂದು ಬಂದೆ.

“ನಾ ಹೋಗ್ತೀನಿ,” ಎಂದೆ. ಎದ್ದು ನಿಂತು, ಎದೆಯುಬ್ಬಿಸಿ. “ಮಾವನ ಮನಿಗೆ ಹೋದಂಗ ಹೋಗ್ತೀನಿ. ಅವ್ರಿಗೂ ನನ್ನ ನೋಡಿ ಭಾಳ ದಿನ ಆಗೇತಿ.”

ಚಪ್ಪಾಳೆ ಬಿತ್ತು. ಮುದುಕಿಯರು ಅತ್ತರು. ನಾನೇ ಹಲಗೆಯ ಗುಂಡಿ ಒತ್ತಿದೆ. ಒಟ್ಟು ನಾನೂರ ಹನ್ನೆರಡು. ಕೆಂಪು, ಒಂದು.

ಚಪ್ಪಾಳೆ ನಿಂತಿತು. ಮತ್ತೆ ಒತ್ತಿದೆ. ಒಂದು. ಹಲಗೆಯ ಹಿಂದಿನ ತಂತಿ ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿದೆ. ಒಂದು.

“ಇರ್ಲಿ,” ಎಂದರು ಖಾಜಾಬಿ ಆಪಾ. “ಒಬ್ರಿಗೆ ಇನ್ನೂ ಮನಸ್ಸು ಬಂದಿಲ್ಲ. ಬರ್ತೈತಿ. ನಾಳಿಗೆ ಕೂಡೋಣು.”

ಅವತ್ತು ಮನೆಗೆ ಹೋದರೆ ಹುಲಿಗೆಮ್ಮ ನನ್ನ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಕೂತಿದ್ದಳು.

“ಏನ್ರಿ, ಹನ್ನೆರಡು ವರ್ಷಕ್ಕ ಎಷ್ಟು ಬನೀನು ಬೇಕಾಗ್ತಾವ?”

“ಇನ್ನೂ ಒಪ್ಪಿಗಿ ಆಗಿಲ್ಲಲ್ಲೇ.”

“ಆಗ್ತೈತಿ ಬಿಡ್ರಿ. ನಿಮ್ಮ ಆಸೆ ಅಲ್ಲೇನು ಅದು? ಮದಿವ್ಯಾದ ದಿನದಿಂದ ಕೇಳಾಕ್ಹತ್ತೀನಿ, ಅಲ್ಲಿ ಹಂಗಿತ್ತು, ಅಲ್ಲಿ ಹಿಂಗಿತ್ತು. ಈ ಮಂಜಿನ ಬಿಲದಾಗ ನಾ ನಿಮ್ಮನ್ನ ಕಟ್ಟಿ ಹಾಕೀನಿ ಅನಿಸ್ತಿತ್ತು ನಂಗ.” ಬನಿಯನ್ ಮಡಚುತ್ತ ತಲೆ ತಗ್ಗಿಸಿದಳು. “ಹೋಗಿ ಬರ್ರಿ. ನಾ ಇರ್ತೀನಿ. ಯಂತ್ರ ಐತಿ, ಕೆಲಸ ಐತಿ. ಹನ್ನೆರಡು ವರ್ಷ ಅಂದ್ರ ಏನು, ಮೂರು ಸಲ ದೊಡ್ಡ ಬೇರಿಂಗ್ ಬದಲಿ ಮಾಡಿದ್ರ ಮುಗೀತು.”

ಶೇಂಗಾ ಚಟ್ನಿ ಹಚ್ಚಿ ರೊಟ್ಟಿ ಕೊಟ್ಟಳು. ಒಂದೇ ತಿಂದೆ. ನಾನು ಸಾಮಾನ್ಯವಾಗಿ ಇಪ್ಪತ್ತು ತಿನ್ನುವವನು, ಸರಿ, ನಾಲ್ಕು.

ನಾಲ್ಕನೆಯ ದಿನ ಒಂದು. ಐದನೆಯ ದಿನ ಒಂದು. ಆರನೆಯ ದಿನ ಬೆಳಗಿನ ಪಾಳಿಗೊಮ್ಮೆ, ಮಧ್ಯಾಹ್ನದ ಪಾಳಿಗೊಮ್ಮೆ ಕೂಡಿದೆವು. ಒಂದು, ಒಂದು. ಯುದ್ಧವಾದರೂ ಆಗಿದ್ದರೆ ಬೇಗ ಮುಗಿಯುತ್ತಿತ್ತು. ಕೇಳುವಂತಿಲ್ಲ, ಹುಡುಕುವಂತಿಲ್ಲ, ಬೈಯುವಂತಿಲ್ಲ. ಬೈದರೆ ಯಾರನ್ನು? ಒಬ್ಬರ ಮುಖ ಒಬ್ಬರು ನೋಡುವುದು, ನೋಡಿಲ್ಲವೆಂಬಂತೆ ತಿರುಗುವುದು. ಖಾಜಾಬಿ ಆಪಾ ಅದೇ ಪ್ರಸ್ತಾವವನ್ನು ಅದೇ ದನಿಯಲ್ಲಿ ಹದಿಮೂರು ಸಲ ಓದಿದರು. ಹದಿನಾಲ್ಕನೆಯ ಸಲ ಅವರ ಕನ್ನಡಕದ ಕಡ್ಡಿ ಕೈಯಲ್ಲೇ ಮುರಿಯಿತು. ಅವರು ಏನೂ ಆಗದವರಂತೆ ಒಂದೇ ಕಡ್ಡಿಯ ಕನ್ನಡಕ ಹಿಡಿದುಕೊಂಡು ಓದು ಮುಂದುವರಿಸಿದರು.

ಇದನ್ನೆಲ್ಲ ಝಾರ್ಗು ನಿಂತುಕೊಂಡೇ ನೋಡುತ್ತಿದ್ದ. ಉತ್ತರ ಸಿಗುವವರೆಗೆ ದೂತ ಕೂರುವಂತಿಲ್ಲ ಎಂಬುದು ಅವರ ನಿಯಮ. ಹಲಗೆಯ ಪಕ್ಕದಲ್ಲೇ ನಿಂತಿದ್ದ. ನಿಂತೇ ಉಣ್ಣುತ್ತಿದ್ದ, ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದ. ಏಳನೆಯ ದಿನ ಅವನ ಡಬ್ಬಿ ಬಾಯಿಬಿಟ್ಟಿತು.

“ಮಾನ್ಯರೇ, ನನ್ನ ಮಂಡಿಗಳು ಸಾಮ್ರಾಜ್ಯದ ಸ್ವತ್ತು. ಅವು ಅತೀವವಾಗಿ ನೋಯುತ್ತಿವೆ. ಒಪ್ಪದ ಆ ಒಬ್ಬನ ಶಿರಚ್ಛೇದ ಮಾಡಬಾರದೇಕೆ?”

“ಯಾರಂತ ಗೊತ್ತಿಲ್ಲಲ್ರೀ,” ಎಂದರು ಖಾಜಾಬಿ ಆಪಾ.

“ಹಾಗಿದ್ದಲ್ಲಿ ಎಲ್ಲರದೂ ಮಾಡಬಹುದು.”

“ಆಮ್ಯಾಲ ಒಪ್ಪಿಗಿ ಕೊಡಾಕ ಯಾರು ಉಳೀತಾರ್ರಿ?”

ಡಬ್ಬಿ ಬಹಳ ಹೊತ್ತು ಗೊಣಗಿತು. ಝಾರ್ಗು ನನ್ನ ಕಡೆ ತಿರುಗಿದ. ಸಭೆ ಚದುರಿದ ಮೇಲೆ ಹಲಗೆಯ ಮುಂದೆ ಉಳಿಯುತ್ತಿದ್ದವರು ನಾವಿಬ್ಬರೇ.

“ತಾವು ನಮ್ಮ ರಾಜಧಾನಿಯಲ್ಲಿ ಮೂರು ವರ್ಷ ವಾಸವಾಗಿದ್ದಿರೆಂದು ತಿಳಿದು ಸಂತೋಷವಾಯಿತು. ಯಾವ ಬಡಾವಣೆ?”

“ದೊಡ್ಡ ಕೆರಿ ಐತಲ್ರಿ, ಅದರ ದಂಡಿಗೆ.”

“ರಾಜಧಾನಿಯಲ್ಲಿ ಕೆರೆ ಇಲ್ಲ. ಅದಕ್ಕಾಗಿಯೇ ನಾವು ನೀರು ಕೇಳುತ್ತ ಬಂದಿದ್ದೇವೆ.”

“ನಾ ಬಂದ ಮ್ಯಾಲ ಬತ್ತಿರಬೇಕು,” ಎಂದೆ.

ಅವನು ನನ್ನನ್ನೇ ನೋಡಿದ. ಡಬ್ಬಿಯಿಂದ ಏನೂ ಬರಲಿಲ್ಲ. ಅವನ ಗಂಟಲಿಂದ ಮಾತ್ರ ಒಂದು ಸದ್ದು ಬಂತು. ನಗುವೋ ಕೆಮ್ಮೋ, ಅದನ್ನು ಅನುವಾದಿಸುವುದು ಡಬ್ಬಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಊರು ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಆದರೆ ಎಂಟನೆಯ ದಿನ ಪಕ್ಕದ ಮನೆಯ ದುರುಗಮ್ಮ ಒಂದು ಡಬ್ಬ ಹೋಳಿಗೆ ತಂದಳು. ಅವಳ ಹಿಂದೆ ಇನ್ನೊಬ್ಬಳು ಅಗಸಿ ಚಟ್ನಿಪುಡಿ ತಂದಳು. ಸಂಜೆಯ ಹೊತ್ತಿಗೆ ನಮ್ಮ ಅಡುಗೆ ಕಟ್ಟೆಯ ಮೇಲೆ ಲೋಟ ಇಡಲು ಜಾಗವಿರಲಿಲ್ಲ. ಎಲ್ಲರೂ ಬಂದು ಹುಲಿಗೆಮ್ಮನ ಕೈ ಹಿಡಿದುಕೊಳ್ಳುವವರೇ.

“ಯಕ್ಕಾ, ಗಂಡನ್ನ ಬಿಟ್ಟಿರೂದಂದ್ರ ಸಣ್ಣ ಮಾತಲ್ಲ,” ಎಂದಳು ದುರುಗಮ್ಮ. “ಯಾರಿಗಾದ್ರೂ ಕರಳು ಚುರುಕ್ ಅಂತೈತಿ. ನಾವು ಏನೂ ಅನ್ನೂದಿಲ್ಲ ಮತ್ತ. ಆದ್ರೂ ನನ್ನ ಮೊಮ್ಮಕ್ಕಳ ಮಾರಿ ನೋಡಿ ಒಂದೀಟು ಮನಸ್ಸು ಗಟ್ಟಿ ಮಾಡ್ಕೋ ಯವ್ವಾ.”

“ನಾ ಏನು ಗಟ್ಟಿ ಮಾಡ್ಕೋಬೇಕು?”

“ಅಯ್ಯ, ನಾ ಏನೂ ಕೇಳಿಲ್ಲವ್ವ! ಹೋಳಿಗಿ ತಿನ್ನು.”

ಅವರು ಹೋದ ಮೇಲೆ ಹುಲಿಗೆಮ್ಮ ಹೋಳಿಗೆ ಡಬ್ಬದ ಮುಚ್ಚಳವನ್ನು ಎಷ್ಟು ಬಿಗಿಯಾಗಿ ತಿರುವಿದಳೆಂದರೆ, ಇವತ್ತಿಗೂ ಅದನ್ನು ಯಾರಿಂದಲೂ ತೆಗೆಯಲಾಗಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ಮಿಸ್ತ್ರಿಯ ಕೈ.

“ನಾ ಅಂತ ತಿಳ್ಕೊಂಡಾರ ಇವ್ರು,” ಎಂದಳು. “ಊರಿಗೆ ಊರೇ. ನಾ ಅಲ್ಲ ಅಂತ ಹೇಳಂಗೂ ಇಲ್ಲ, ಹೌದು ಅಂತ ಸುಮ್ಕಿರಂಗೂ ಇಲ್ಲ! ಇಪ್ಪತ್ತು ವರ್ಷ ಇವರಿಗೆ ನೀರು ಎತ್ತಿ ಕೊಟ್ಟೀನಿ. ಇವತ್ತು ನನ್ನ ಸಲುವಾಗಿ ಊರು ಮುಳುಗ್ತೈತಿ ಅಂತ ಹೋಳಿಗಿ ಮಾಡ್ಕೊಂಡು ಬರ್ತಾರ.”

“ಜನ ಅಂದ್ರ ಹಂಗ,” ಎಂದೆ. “ನೀ ತಲಿಗೆ ಹಚ್ಕೋಬ್ಯಾಡ.”

ಅವಳು ನನ್ನ ಮುಖವನ್ನೇ ನೋಡಿದಳು. ಅವತ್ತು ಮಡಚಿಟ್ಟ ಬನಿಯನ್‌ಗಳನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

ಒಂಬತ್ತನೆಯ ದಿನ ಖಾಜಾಬಿ ಆಪಾ ಅವರೇ ಬಂದರು, ಒಂದೇ ಕಡ್ಡಿಯ ಕನ್ನಡಕದಲ್ಲಿ. ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಕಾಯಿಲೆಯಾದವರು, ಸಾವು ನೋವಾದ ಮನೆಯವರು ಸಭೆಮನೆಯ ಗೂಟಕ್ಕೆ ಪಟ್ಟಿ ತೂಗುಹಾಕಿ ಒಂದು ದಿನದ ಮಟ್ಟಿಗೆ ಲೆಕ್ಕದಿಂದ ಹೊರಗೆ ಉಳಿಯಬಹುದು. ದುಃಖದಲ್ಲಿರುವವರಿಂದ ಒಪ್ಪಿಗೆ ಹಿಂಡಬಾರದು ಎಂದು ಹಿರಿಯರು ಮಾಡಿದ್ದು. ಪ್ರಸ್ತಾವದಲ್ಲಿ ಹೆಸರಿರುವವನಿಗೆ ಮಾತ್ರ ಈ ಸೌಲಭ್ಯ ಇಲ್ಲ.

“ಹುಲಿಗೆಮ್ಮ, ಅಗಲಿಕಿನೂ ಒಂದು ದುಃಖಾನ,” ಎಂದರು ಆಪಾ. “ನಾಳಿ ಒಂದಿನ ಪಟ್ಟಿ ಗೂಟಕ್ಕ ಹಾಕಿದ್ರ ಯಾರೂ ಏನೂ ತಿಳ್ಕೊಳ್ಳಂಗಿಲ್ಲ. ನಾ ಕೇಳಾಕ್ಹತ್ತಿಲ್ಲ. ರೂಢಿ ಐತಿ ಅಂತ ನೆನಪು ಮಾಡಿದೆ, ಅಷ್ಟ.”

ಹುಲಿಗೆಮ್ಮನ ಮುಖ ಕೆಂಪಾಯಿತು. “ಹಾಕ್ತೀನಿ,” ಎಂದಳು.

“ಬ್ಯಾಡ,” ಎಂದೆ ನಾನು, ತಟ್ಟನೆ. ಇಬ್ಬರೂ ನನ್ನ ಕಡೆ ನೋಡಿದರು. “ಅಂದ್ರ, ಯಾಕ ಸುಮ್ಸುಮ್ಕ ಮರ್ಯಾದಿ... ತಾನಾ ಹಸಿರಾಗ್ತೈತಿ ಬಿಡ್ರಿ. ನಾನು ಕಠಾರಿಗೋಳ ಕೂಡ ಇನ್ನೊಂದು ತಿಂಗಳ ಗಡುವು ಮಾತಾಡ್ತೀನಿ. ಝಾರ್ಗು ನನ್ನ ಹಳೇ ಗೆಳೆಯ.”

“ನಿಮ್ಮ ಗೆಳೆಯಗ ಕೂಡಾಕ ಒಂದು ಸ್ಟೂಲ್ ಕೊಡಿಸಾಕ ಆಗಿಲ್ಲ ನಿಮ್ಮ ಕೈಲೆ,” ಎಂದಳು ಹುಲಿಗೆಮ್ಮ.

ಹತ್ತನೆಯ ದಿನ ಸಭೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಲಿಗೆಮ್ಮ ಕೆಲಸದ ಅಂಗಿಯಲ್ಲೇ ಬಂದಳು. ಯಾರ ಕಡೆಗೂ ನೋಡದೆ ಗೂಟದ ಹತ್ತಿರ ಹೋಗಿ, ಪಟ್ಟಿ ಬಿಚ್ಚಿ ತೂಗುಹಾಕಿದಳು. ಎಲ್ಲರ ಎದೆಯಿಂದಲೂ ಒಂದು ಉಸಿರು ಹೊರಬಿತ್ತು. ಝಾರ್ಗು ತನ್ನ ಮಂಡಿಗಳನ್ನು ತಟ್ಟಿಕೊಂಡ. ದುರುಗಮ್ಮ ಕಣ್ಣೊರೆಸಿಕೊಂಡಳು.

ಖಾಜಾಬಿ ಆಪಾ ಪ್ರಸ್ತಾವ ಓದಿದರು. ನಾನು ಗುಂಡಿ ಒತ್ತಲಿಲ್ಲ.

“ಒತ್ತಪಾ ಆದೆಪ್ಪ.”

ಒತ್ತಿದೆ. ಒಟ್ಟು, ನಾನೂರ ಹನ್ನೊಂದು.

ಕೆಂಪು, ಒಂದು.

ಆ ಮೌನ ಎಂಥದ್ದೆಂದರೆ — ಇಲ್ಲಿ ಒಂದು ಒಳ್ಳೆಯ ಹೋಲಿಕೆ ಹೇಳಬಲ್ಲೆ, ಹೇಳುವುದಿಲ್ಲ. ಸುಮ್ಮನೆ ಮೌನ ಇತ್ತು. ದುರುಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಲಿಗೆಮ್ಮ ನಾಚಿಕೆಯನ್ನೆಲ್ಲ ಆ ಗೂಟಕ್ಕೇ ತೂಗುಹಾಕಿದವಳಂತೆ ನೇರ ನನ್ನ ಹತ್ತಿರ ಬಂದು ನನ್ನ ಎಡಗೈ ಹಿಡಿದುಕೊಂಡಳು.

“ಇಷ್ಟು ದಿನದಾಗ ಊರಾಗಿನ ಎಲ್ಲಾರೂ ನನ್ನ ಕೇಳಿದ್ರು,” ಎಂದಳು. “ಹೋಳಿಗಿ ಕೊಟ್ಟು ಕೇಳಿದ್ರು, ಚಟ್ನಿ ಕೊಟ್ಟು ಕೇಳಿದ್ರು, ಬಾಯಿಬಿಡದಂಗ ಕೇಳಿದ್ರು. ನೀವೊಬ್ಬರಾ ಕೇಳಲಿಲ್ಲ. ‘ಹುಲಿಗಿ, ನನ್ನ ಬಿಟ್ಟಿರಾಕ ಆಗಂಗಿಲ್ಲೇನು ನಿಂಗ?’ ಅಂತ ಒಮ್ಮೆಯಾದ್ರೂ ಕೇಳ್ತೀರಿ ಅಂತ ಕಾದೆ. ನಾನು ಕೆಂಪು ಅಲ್ಲ ಅಂತ ನಿಮ್ಗ ಹೆಂಗ ಗೊತ್ತಿತ್ರಿ?”

ನಾನು ಏನೋ ಹೇಳಲು ಹೊರಟೆ. ಹಲಗೆ ಕೆಟ್ಟಿದೆ, ಶನಿಯ ಕಾಂತಕ್ಷೇತ್ರ ಈ ವಾರ ಜೋರಿದೆ, ಕಠಾರಿಗಳು ಗುಟ್ಟಾಗಿ ಒಂದು ಕಿರಣ ಬಿಟ್ಟಿದ್ದಾರೆ. ಮೂರೂ ನಾಲಿಗೆಯ ತುದಿಯಲ್ಲಿದ್ದವು. ಅವಳು ಕೈ ಬಿಡಲಿಲ್ಲ, ಪಟ್ಟಿಯನ್ನು ತಿರುಗಿಸಿ ನೋಡಲೂ ಇಲ್ಲ.

“ನಾ ನೋಡೂದಿಲ್ಲ,” ಎಂದಳು. “ನೀವಾ ಹೇಳ್ರಿ.”

“ಕೆಂಪು ನಂದಾ,” ಎಂದೆ.

ಆಮೇಲೆ ಎಲ್ಲ ಬಂತು. ರಾಜಧಾನಿಗೆ ನಾನು ಕಾಲೇ ಇಟ್ಟಿಲ್ಲ. ಹುಡುಗನಾಗಿದ್ದಾಗ ಸರಕಿನ ಹಡಗೊಂದು ಕೆಟ್ಟು ಕಠಾರಿಗಳ ಯಾವುದೋ ಕಟ್ಟೆಯಲ್ಲಿ ಒಂಬತ್ತು ದಿನ ನಿಂತಿತ್ತು. ಆ ಒಂಬತ್ತೂ ದಿನ ಅವರ ಅಡುಗೆಮನೆಯ ಹಿಂದೆ ಗಡ್ಡೆ ಹೆರೆದೆ. ಸೇನಾಪತಿಯನ್ನು ಕಂಡಿಲ್ಲ, ಸಿಪಾಯಿಯೊಬ್ಬ ದಾರಿಗೆ ಅಡ್ಡ ಬಂದೆನೆಂದು ಒದ್ದಿದ್ದ. ಮೊದಲ ದಿನವೇ ಕೆಂಪು ಕಂಡೆ. ಮಂಜಿನ ನೀರಿನಲ್ಲಿ ಕೈ ಅದ್ದಿದೆ. ‘ಹೋಗುತ್ತೇನೆ, ಹೋಗುತ್ತೇನೆ’ ಎಂದು ಬಚ್ಚಲಲ್ಲಿ ಕೂತು ಸಾವಿರ ಸಲ ಹೇಳಿಕೊಂಡೆ. ಪಟ್ಟಿಯನ್ನು ಬೆಚ್ಚಗಿನ ಪಂಪಿಗೆ ಕಟ್ಟಿ ನೋಡಿದೆ, ಅದು ನನ್ನನ್ನು ಲೆಕ್ಕದಿಂದಲೇ ತೆಗೆದುಹಾಕಿತು. ಊರಿನವರು ಹುಲಿಗೆಮ್ಮನ ಮೇಲೆ ಅನುಮಾನಪಟ್ಟಾಗ ನನಗೆ ಎಷ್ಟು ಹಗುರವಾಯಿತೆಂದರೆ ಅವತ್ತು ಐದು ರೊಟ್ಟಿ ತಿಂದೆ. ಇದರಲ್ಲಿ ಒಂದೂ ಹೆಚ್ಚಿಗೆ ಇಲ್ಲ, ಐದೇ.

ಯಾರೂ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡುತ್ತಿದ್ದೆ.

“ಮಾನ್ಯರೇ,” ಎಂದಿತು ಡಬ್ಬಿ, “ನಾಳೆ ಹನ್ನೊಂದನೆಯ ದಿನ. ಬೇರೊಂದು ಹೆಸರು ಬೇಕಾಗುತ್ತದೆ.”

ಖಾಜಾಬಿ ಆಪಾ ಸಭೆಯತ್ತ ನೋಡಿದರು. ಎಲ್ಲರಿಗೂ ಮನೆ ಇತ್ತು, ಮಕ್ಕಳಿದ್ದರು, ಮುದುಕರಿದ್ದರು. ಹುಲಿಗೆಮ್ಮ ಗೂಟದಿಂದ ಪಟ್ಟಿ ತೆಗೆದು ಕಟ್ಟಿಕೊಂಡಳು. ಮತ್ತೆ ಬಂದು ನನ್ನ ಪಕ್ಕದಲ್ಲೇ ನಿಂತು, ಮೊದಲಿನಂತೆ ನನ್ನ ಕೈ ಹಿಡಿದಳು.

“ನಮಗೇನು ಮಕ್ಕಳಿಲ್ಲ,” ಎಂದಳು. “ಬನೀನು ಬದಲಿ ಸೀರಿ ಮಡಚಿದ್ರ ಆತು. ಅಲ್ಲಿ ನೀರಿಲ್ಲಂತ ಇವ್ರು ಹೇಳಾಕ್ಹತ್ಯಾರ. ನೀರು ಎತ್ತೋರು ಯಾರಾದ್ರೂ ಬೇಕಾಗ್ತಾರ. ದೊಡ್ಡ ಯಂತ್ರಕ್ಕ ದುರುಗಮ್ಮನ ಮಗಗ ಎಲ್ಲಾ ಕಲಿಸೀನಿ. ನಾ ಹೋಗ್ತೀನಿ.”

“ಹುಲಿಗೆಮ್ಮ, ವಿಚಾರ ಮಾಡಿ—”

“ಓದ್ರಿ ಆಪಾ.”

ಆಪಾ ಓದಿದರು. ಹೆಸರಿನ ಹತ್ತಿರ ಅವರ ದನಿ ಒಡೆಯಿತು. ನಾನು ಬಲಗೈಯಿಂದ ಗುಂಡಿ ಒತ್ತಿದೆ. ಎಡಗೈ ಅವಳ ಕೈಯಲ್ಲಿತ್ತು. ಕೆಂಪು, ಮೂವತ್ತೇಳು. ತಾವೇ ಇಷ್ಟು ದಿನ ಅನುಮಾನಪಟ್ಟಿದ್ದ ಹೆಂಗಸಿನ ಹೆಸರಿಗೆ ಮೂವತ್ತೇಳು ಜನ ಮೈಯೊಳಗಿಂದ ಬೇಡವೆಂದರು. ದುರುಗಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು. ಹುಲಿಗೆಮ್ಮ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಬೈದು, ನಗಿಸಿ, ಯಾವ ವಾಲ್ವು ಯಾವಾಗ ತಿರುಗಿಸಬೇಕು ಎಂದು ಹೇಳಿ ಹೇಳಿ ಒಪ್ಪಿಸಿದಳು. ಮೂವತ್ತೇಳು ಇಪ್ಪತ್ತಾಯಿತು. ಇಪ್ಪತ್ತು ಆರಾಯಿತು. ಬಹಳ ಹೊತ್ತು ಒಂದಕ್ಕೆ ನಿಂತಿತು. ಊರೆಲ್ಲ ನನ್ನ ಕಡೆ ಕರುಣೆಯಿಂದ ನೋಡಿತು. ಆಮೇಲೆ ಅದೂ ಹೋಯಿತು.

ಝಾರ್ಗು ತಲೆಬಾಗಿದ. ನಂತರ ಅಲ್ಲೇ ನೆಲದ ಮೇಲೆ, ಕವಚ ಸಮೇತ, ದೊಡ್ಡ ಸದ್ದಿನೊಂದಿಗೆ ಕೂತುಬಿಟ್ಟ.

ಮರುದಿನ ಕಟ್ಟೆಯಲ್ಲಿ ಅವಳ ಪೆಟ್ಟಿಗೆ ನಾನೇ ಹೊತ್ತುಕೊಂಡಿದ್ದೆ. ಸ್ಪ್ಯಾನರುಗಳು ತುಂಬಿದ್ದವು, ಭಾರವಿತ್ತು. ನೌಕೆಯ ಬಾಗಿಲು ತೆರೆದಿತ್ತು. ಊರಿನವರು ಹಿಂದೆ ನಿಂತಿದ್ದರು, ನಮ್ಮಿಬ್ಬರಿಗೆಂದು ಸ್ವಲ್ಪ ಜಾಗ ಬಿಟ್ಟು. ನನಗೆ ಏನಾದರೂ ಒಂದು ಹೇಳಬೇಕಿತ್ತು. ಹನ್ನೆರಡು ವರ್ಷಕ್ಕೆ ಸಾಲುವಷ್ಟು ದೊಡ್ಡದು.

“ಹುಲಿಗಿ,” ಎಂದೆ, “ನಿನ್ನೆ ಕಡೀಗೆ ಉಳಿದಿತ್ತಲ್ಲ ಒಂದು ಕೆಂಪು, ಎಷ್ಟೊತ್ತಾದ್ರೂ ಹೋಗಲಿಲ್ಲ. ಅದು ನಂದಾ. ಮೂವತ್ತಾರು ಮಂದಿ ಬಿಟ್ಟುಕೊಟ್ಟರು, ನಾ ಬಿಟ್ಟುಕೊಡಲಿಲ್ಲ. ಇಡೀ ಊರಿನ ಎದುರು ನಾನೊಬ್ಬನಾ ಹಿಡಕೊಂಡು ನಿಂತೆ.”

ಅವಳು ನನ್ನ ಅಂಗಿಯ ಕಾಲರ್ ಸರಿಮಾಡಿದಳು.

“ನಿನ್ನೆ ನಿಮ್ಮ ಕೈ ನನ್ನ ಕೈಯಾಗ ಇತ್ತಲ್ರಿ,” ಎಂದಳು. “ಮೊದಲ ಸಲ ನೋಡೂದಿಲ್ಲ ಅಂದಿದ್ದೆ, ನೋಡಲಿಲ್ಲ. ಎರಡನೇ ಸಲ ಹಂಗ ಅಂದಿದ್ದಿಲ್ಲ.”

ನಾನು ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

“ಆ ಮೂವತ್ತೇಳರಾಗ ನಿಮ್ದು ಇತ್ತೇನ್ರಿ?”

ಒಳಗಿನಿಂದ ಡಬ್ಬಿ ಅವಳನ್ನು ಹೆಸರು ಹಿಡಿದು ಕರೆಯುತ್ತಿತ್ತು. ಅವಳು ಪೆಟ್ಟಿಗೆ ನನ್ನ ಹೆಗಲಿನಿಂದ ಇಳಿಸಿಕೊಂಡು, ಉತ್ತರಕ್ಕೆ ಕಾಯುತ್ತ ನಿಂತಳು.

“ಇರಲಿಲ್ಲ,” ಎಂದೆ. “ನೀ ‘ಹೋಗ್ತೀನಿ’ ಅನ್ನೂದ್ರಾಗ ನಂದು ಹಸಿರಾಗಿತ್ತು.”